ಮಗ ಅಮೆರಿಕದ ಪ್ರಜೆ, ಅಪ್ಪ-ಅಮ್ಮ ಎಲ್ಲಿಯವರು?

ಇಪ್ಪತ್ತು-ಇಪ್ಪತ್ತೈದು ವರ್ಷಗಳ ಹಿಂದೆ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದ ನಮ್ಮ ಹಳ್ಳಿಗಳ ಹುಡುಗ-ಹುಡುಗಿಯರಲ್ಲಿ ಹಲವರು ಈಗ ಅಲ್ಲಿಯ ಪ್ರಜೆಗಳು. ಇಲ್ಲಿರುವ ಅವರ ಅಪ್ಪ-ಅಮ್ಮ ಎಪ್ಪತ್ತರ ಆಸುಪಾಸಿಗೆ ಬಂದಿದ್ದಾರೆ. ಹಾಗಾಗಿ ಊರ ಕಟ್ಟೆಯಲ್ಲಿ, ಮದುವೆ ಮನೆಯಲ್ಲಿ ಹೊಸದೊಂದು ಮಾತು ಕೇಳಿಬರುತ್ತಿದೆ: "ಮಗ ನಮಗೂ ಗ್ರೀನ್ ಕಾರ್ಡಿಗೆ ಹಾಕ್ತಾನಂತೆ." ಹೇಳುವವರಿಗೆ ಹೆಮ್ಮೆ, ಕೇಳುವವರಿಗೆ ಒಂಚೂರು ಹೊಟ್ಟೆಕಿಚ್ಚು. ಆದರೆ ಆ ಕಾರ್ಡು ಅಂದರೇನು, ಅದರ ಜೊತೆ ಏನೇನು ಬರುತ್ತದೆ, ಏನೇನು ಹೋಗುತ್ತದೆ ಅಂತ ಕೇಳಿದರೆ ಉತ್ತರ ಕಮ್ಮಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗ್ರೀನ್ ಕಾರ್ಡನ್ನು ಮೊಮ್ಮಕ್ಕಳನ್ನು ನೋಡಿಬರುವ ಪಾಸ್ ಅಂದುಕೊಂಡು ತೆಗೆದುಕೊಳ್ಳಬೇಡಿ. ಅದು ಮನೆಯನ್ನೇ ಬದಲಿಸುವ ಕಾಗದ. ಅರ್ಜಿಗೆ ಸಹಿ ಹಾಕುವವರು ಮಕ್ಕಳು. ಅಲ್ಲಿ ಹೋಗಿ ಬಾಳಬೇಕಾದವರು ಅಪ್ಪ-ಅಮ್ಮ. ಬೇಕೋ ಬೇಡವೋ ಎಂಬ ತೀರ್ಮಾನ ಅಪ್ಪ-ಅಮ್ಮನದ್ದೇ ಆಗಬೇಕು, ಅದೂ ಎಲ್ಲ ತಿಳಿದುಕೊಂಡ ಮೇಲೆ.

ಯಾರು ಅರ್ಜಿ ಹಾಕಬಹುದು?

ಮಗನ ಹತ್ತಿರ ಗ್ರೀನ್ ಕಾರ್ಡ್ ಇದ್ದರೆ ಅಷ್ಟು ಸಾಲದು. ಗ್ರೀನ್ ಕಾರ್ಡ್ ಇದ್ದವರು ಹೆಂಡತಿ ಅಥವಾ ಗಂಡನಿಗೆ, ಮದುವೆಯಾಗದ ಮಕ್ಕಳಿಗೆ ಅರ್ಜಿ ಹಾಕಬಹುದು, ಅಪ್ಪ-ಅಮ್ಮನಿಗೆ ಹಾಕುವಂತಿಲ್ಲ. ಮಗನೋ ಮಗಳೋ ಅಮೆರಿಕದ ಪ್ರಜೆಯೇ ಆಗಿರಬೇಕು, 21 ವರ್ಷ ತುಂಬಿರಬೇಕು. ಗ್ರೀನ್ ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ 5 ವರ್ಷ ಕಳೆದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕುವ ಅರ್ಹತೆ ಬರುತ್ತದೆ.

ಈ ಎರಡು ಷರತ್ತು ದಾಟಿದರೆ ಅಪ್ಪ-ಅಮ್ಮ ತೀರಾ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರುತ್ತಾರೆ. ಈ ಪಟ್ಟಿಗೆ ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿ ಇಲ್ಲ. ಕೆಲಸದ ಆಧಾರದ ಮೇಲೆ ಗ್ರೀನ್ ಕಾರ್ಡ್ ಕೇಳಿದ ಭಾರತೀಯರು ಹತ್ತಾರು ವರ್ಷದಿಂದ ಸರದಿಯಲ್ಲಿ ನಿಂತಿರುವಾಗ, ಪ್ರಜೆಯ ಅಪ್ಪ-ಅಮ್ಮನಿಗೆ ಆ ಸರದಿಯೇ ಇಲ್ಲ. ಹಾಗಂತ ನಾಳೆಯೇ ಆಗುತ್ತದೆ ಅಂತಲ್ಲ. ಅರ್ಜಿ ಪರಿಶೀಲನೆಗೇ ವರ್ಷ ದಾಟುವುದು ಮಾಮೂಲು.

ಇಲ್ಲಿ ಹಲವು ಮನೆಗಳು ಎಡವುವ ವಿಷಯ ಒಂದಿದೆ. ಐ-130 ಎಂಬ ಈ ಅರ್ಜಿಯನ್ನು ಅಪ್ಪನಿಗೆ ಒಂದು, ಅಮ್ಮನಿಗೆ ಒಂದು ಅಂತ ಬೇರೆಬೇರೆ ಹಾಕಬೇಕು. 2024ರ ಏಪ್ರಿಲ್‌ನಲ್ಲಿ ಬಂದ ದರದಂತೆ ಕಾಗದದಲ್ಲಿ ಹಾಕಿದರೆ ಒಂದೊಂದಕ್ಕೂ 675 ಡಾಲರ್, ಆನ್‌ಲೈನ್ ಆದರೆ 625. ಅಪ್ಪ-ಅಮ್ಮನ ಜೊತೆಗೆ ಮನೆಯಲ್ಲಿರುವ ತಂಗಿಯನ್ನೋ ತಮ್ಮನನ್ನೋ ಅದೇ ಅರ್ಜಿಯಲ್ಲಿ ಸೇರಿಸಲು ಬರುವುದಿಲ್ಲ, ಅವರು ಇನ್ನೂ ಓದುತ್ತಿರುವ ಮಕ್ಕಳಾದರೂ ಅಷ್ಟೇ. ಅಣ್ಣ ತಂಗಿಗೆ ಬೇರೆ ಅರ್ಜಿ ಹಾಕಬಹುದು. ಆ ಸಾಲಿನಲ್ಲಿ ಭಾರತದವರ ಕಾಯುವಿಕೆ 15 ವರ್ಷಕ್ಕೂ ಹೆಚ್ಚು. ಅಪ್ಪ-ಅಮ್ಮ ಕಾರ್ಡ್ ಪಡೆದ ಮೇಲೆ ಮದುವೆಯಾಗದ ಮಗಳಿಗೆ ಅವರೇ ಹಾಕಬಹುದು. ಅದಕ್ಕೂ ವರ್ಷಗಟ್ಟಲೆ ಕಾಯಬೇಕು. ಮಗಳನ್ನು ಇಲ್ಲಿ ಯಾರ ಮನೆಯಲ್ಲಿ ಬಿಟ್ಟು ಹೋಗುತ್ತೀರಿ ಎಂಬ ಪ್ರಶ್ನೆ ಅರ್ಜಿ ಹಾಕುವ ಮೊದಲೇ ಬರಬೇಕು, ವಿಮಾನದ ಟಿಕೆಟ್ ಬಂದ ಮೇಲಲ್ಲ.

ಮಗು ಅಲ್ಲೇ ಹುಟ್ಟಿದೆ, ಇನ್ನೇನು?

ಇದು ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ. ಅಮೆರಿಕದಲ್ಲಿ ಹೆರಿಗೆಯಾದರೆ ಮಗುವಿನ ಜೊತೆ ಅಪ್ಪ-ಅಮ್ಮನಿಗೂ ಅಲ್ಲಿರುವ ಹಕ್ಕು ಸಿಕ್ಕಿಬಿಡುತ್ತದೆ ಅಂತ ನಂಬಿದವರಿದ್ದಾರೆ. ಹಾಗೆ ನಂಬಿಸಿ ದುಡ್ಡು ಕೀಳುವ ಏಜೆಂಟರೂ ಇದ್ದಾರೆ.

ಆ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವ ಕೊಡುವ ನಿಯಮ 1868ರಲ್ಲಿ ಅವರ ಸಂವಿಧಾನದ 14ನೇ ತಿದ್ದುಪಡಿಯಿಂದ ಬಂದದ್ದು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಇದಕ್ಕೆ ಕತ್ತರಿ ಹಾಕುವ ಆದೇಶ ಹೊರಡಿಸಿದರು. ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೂ ಪೌರತ್ವ ಬೇಡ ಎಂಬುದು ಅದರ ಸಾರ. ಕೋರ್ಟುಗಳು ಅದಕ್ಕೆ ತಡೆ ಕೊಟ್ಟವು, ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆದರೆ ಮಗುವಿಗೆ ಪೌರತ್ವ ಸಿಕ್ಕರೂ ಅಪ್ಪ-ಅಮ್ಮನಿಗೆ ಅದರಿಂದ ಕೂಡಲೇ ಏನೂ ಸಿಗುವುದಿಲ್ಲ. ಆ ಮಗು 21 ತುಂಬಿದ ಮೇಲಷ್ಟೇ ಅವರಿಗಾಗಿ ಅರ್ಜಿ ಹಾಕಬಲ್ಲದು. ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಕೆಲಸ ಹೋದರೆ, ತೊಟ್ಟಿಲಲ್ಲಿ ಅಮೆರಿಕದ ಪ್ರಜೆ ಮಲಗಿದ್ದರೂ ಅಪ್ಪ-ಅಮ್ಮ ಗಂಟುಮೂಟೆ ಕಟ್ಟಬೇಕಾಗಬಹುದು.

ಗಡಿ ಹಾರಿ ಹೋದವರ ಪಾಡು ಇನ್ನೂ ಕಷ್ಟ. ಪರವಾನಗಿ ಇಲ್ಲದೆ ಒಳಹೊಕ್ಕವರಿಗೆ, ಮಗು ದೊಡ್ಡದಾಗಿ ಅರ್ಜಿ ಹಾಕಿದರೂ, ಸಾಮಾನ್ಯವಾಗಿ ಅಲ್ಲೇ ಕೂತು ಕಾರ್ಡ್ ಪಡೆಯಲಾಗದು. ಕಾರ್ಡಿಗಾಗಿ ದೇಶ ಬಿಟ್ಟು ಹೊರಬರಬೇಕು. ಹಾಗೆ ಬಂದವರು ಅಲ್ಲಿ ಒಂದು ವರ್ಷ ಮೀರಿ ಅಕ್ರಮವಾಗಿ ಇದ್ದಿದ್ದರೆ 10 ವರ್ಷ ಮರಳುವಂತಿಲ್ಲ. ಇದು 1996ರ ಕಾನೂನು. ಇದರಿಂದ ಮಾಫಿ ಕೇಳಬೇಕಾದರೆ, ತನ್ನ ಗಂಡ-ಹೆಂಡತಿಗೋ ತಂದೆ-ತಾಯಿಗೋ ವಿಪರೀತ ಕಷ್ಟವಾಗುತ್ತದೆ ಅಂತ ತೋರಿಸಬೇಕು. ಅವರು ಅಲ್ಲಿಯ ಪ್ರಜೆಯೋ ಗ್ರೀನ್ ಕಾರ್ಡ್ ಇದ್ದವರೋ ಆಗಿರಬೇಕು. ಮಗುವಿಗೆ ಆಗುವ ಕಷ್ಟ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಯಾವ ಮಗುವಿನ ಹೆಸರು ಹೇಳಿ ಏಜೆಂಟರು ಲಕ್ಷಗಟ್ಟಲೆ ವಸೂಲಿ ಮಾಡುತ್ತಾರೋ, ಆ ಮಗುವಿನ ಕಣ್ಣೀರಿಗೆ ಈ ಕಾನೂನಿನಲ್ಲಿ ಬೆಲೆ ಇಲ್ಲ.

ಎಲ್ಲ ದೇಶವೂ ಹೀಗೇ ಯೋಚಿಸುತ್ತದೆ ಅಂತಲ್ಲ. ಬೆಲ್ಜಿಯಂನಲ್ಲಿದ್ದ ಕೊಲಂಬಿಯಾದ ದಂಪತಿಯ ಪ್ರಕರಣದಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ 2011ರ ಮಾರ್ಚ್ 8ರಂದು ಬೇರೆಯೇ ತೀರ್ಪು ಕೊಟ್ಟಿತು. ಅಪ್ಪ-ಅಮ್ಮನನ್ನು ಹೊರಗೆ ಹಾಕಿದರೆ ಅವರನ್ನೇ ನಂಬಿಕೊಂಡ ಮಗುವೂ ಹೊರಗೆ ಹೋಗಬೇಕಾಗುತ್ತದೆ, ಆಗ ಮಗುವಿನ ಪೌರತ್ವಕ್ಕೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಅವರಿಗೆ ಇರುವ ಹಕ್ಕನ್ನೂ ದುಡಿಯುವ ಹಕ್ಕನ್ನೂ ಕೊಡಬೇಕು ಎಂದಿತು. ಇದನ್ನು ಜಾಂಬ್ರಾನೊ ತೀರ್ಪು ಅನ್ನುತ್ತಾರೆ. ಮಗುವಿಗೆ ಅಪ್ಪ-ಅಮ್ಮ ಬೇಕಾಗುವುದು ತೊಟ್ಟಿಲ ವಯಸ್ಸಿನಲ್ಲಿ. ಅಮೆರಿಕದ ಕಾನೂನು ಅವರನ್ನು ಕೊಡುವುದು ಮಗುವಿಗೆ ಮೀಸೆ ಬಂದ ಮೇಲೆ. ಈ ವಿಷಯದಲ್ಲಿ ಯುರೋಪಿನ ದಾರಿಯೇ ನ್ಯಾಯದ್ದು ಅನ್ನುವುದು ನಮ್ಮ ಅನಿಸಿಕೆ.

ತಾಲ್ಲೂಕು ಆಫೀಸಿನಿಂದ ಮುಂಬೈಯವರೆಗೆ

ಇನ್ನು ಇಲ್ಲೇ ಇರುವ ಅಪ್ಪ-ಅಮ್ಮನ ವಿಷಯ. ಅವರ ಅರ್ಜಿ ಅಮೆರಿಕದಲ್ಲಿ ನಿಲ್ಲುವುದಕ್ಕಿಂತ ಹೆಚ್ಚಾಗಿ ನಮ್ಮ ತಾಲ್ಲೂಕು ಆಫೀಸಿನ ಮೆಟ್ಟಿಲ ಮೇಲೆ ನಿಲ್ಲುತ್ತದೆ.

ಮಗ ತಾನು ಇವರ ಮಗನೇ ಅಂತ ತೋರಿಸಬೇಕು. ಅದಕ್ಕೆ ಅಪ್ಪ-ಅಮ್ಮನ ಹೆಸರಿರುವ ಅವನ ಜನನ ಪ್ರಮಾಣಪತ್ರ ಬೇಕು. ಹಳೆಯ ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, "ಗಂಡು" ಅಂತ ಮಾತ್ರ ಇರುತ್ತದೆ. ಅಪ್ಪನ ಅರ್ಜಿಗೆ ಮದುವೆಯ ದಾಖಲೆಯೂ ಬೇಕು. ಐವತ್ತು ವರ್ಷದ ಹಿಂದೆ ಮನೆಯಂಗಳದ ಚಪ್ಪರದಲ್ಲಿ ಆದ ಮದುವೆಗೆ ದಾಖಲೆ ಎಲ್ಲಿಂದ ಬರಬೇಕು? ಈಗ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ನೋಂದಣಿ ಮಾಡಿಸಬೇಕು. ಎಪ್ಪತ್ತರ ಗಂಡ-ಹೆಂಡತಿ ಸಾಕ್ಷಿಗಳನ್ನು ಕರೆದುಕೊಂಡು ಅಲ್ಲಿ ಸರದಿಯಲ್ಲಿ ನಿಂತಿರುತ್ತಾರೆ.

ಅಪ್ಪ-ಅಮ್ಮನ ಸ್ವಂತ ಜನನ ದಾಖಲೆಯದ್ದು ಇನ್ನೊಂದು ಕತೆ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯಲ್ಲಿ ಹುಟ್ಟಿದ ಬಹಳಷ್ಟು ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆಗ ದಾಖಲೆ ಲಭ್ಯವಿಲ್ಲ ಎಂಬ ಪತ್ರ ಪಡೆದು, ಅದರ ಜೊತೆ ಶಾಲೆಯ ಟಿ.ಸಿ., ಹುಟ್ಟಿದ್ದು ಬಲ್ಲ ಹಿರಿಯರ ಅಫಿಡವಿಟ್ ಇಂಥವನ್ನು ಸೇರಿಸಿ ಕೊಡಬಹುದು. ಆದರೆ ಎಂಬತ್ತರ ಅಜ್ಜನ ಹುಟ್ಟು ಕಂಡವರು ಯಾರು ಉಳಿದಿದ್ದಾರೆ?

ಹುಟ್ಟಿದ ದಿನಾಂಕದ್ದಂತೂ ಹೇಳುವುದೇ ಬೇಡ. ಶಾಲೆ ಶುರುವಾಗುವ ತಿಂಗಳೆಂದು ಮೇಷ್ಟ್ರು ಬರೆದುಕೊಂಡ ಜೂನ್ 1 ನಮ್ಮಲ್ಲಿ ಎಷ್ಟು ಜನರ ಹುಟ್ಟುಹಬ್ಬ ಅಂತ ನಿಮಗೇ ಗೊತ್ತು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಅಪ್ಪನ ಹೆಸರಿನ ಮುಂದೆ ಊರ ಹೆಸರಿನ ಅಕ್ಷರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಊರೆಲ್ಲ ಹೆಸರು ಹಿಡಿದು ಕರೆಯುವ ಯಜಮಾನರಿಗೆ ಅಲ್ಲಿ ಮೊದಲ ಹೆಸರೇ ಇಲ್ಲದಂತಾಗುತ್ತದೆ.

ಇವೆಲ್ಲ ಮುಗಿದ ಮೇಲೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಲಸಿಕೆ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೆ ಕಫ ಪರೀಕ್ಷೆಗೆ ಕೊಟ್ಟು ಎಂಟು ವಾರದ ತನಕ ಕಾಯಬೇಕು. ಕೊನೆಗೆ ಸಂದರ್ಶನ. ಭಾರತದಲ್ಲಿ ವಲಸೆ ವೀಸಾದ ಸಂದರ್ಶನ ಸಾಮಾನ್ಯವಾಗಿ ಮುಂಬೈಯ ಅಮೆರಿಕ ಕಾನ್ಸುಲೇಟಿನಲ್ಲಿ.

ಇಷ್ಟು ಓಡಾಟದ ನಡುವೆ ಕೆಲವರು ಅಡ್ಡದಾರಿ ಹೇಳಿಕೊಡುತ್ತಾರೆ: "ಪ್ರವಾಸಿ ವೀಸಾದಲ್ಲಿ ಹೋಗಿಬಿಡಿ, ಅಲ್ಲಿ ಕೂತು ಹಾಕಿದರಾಯ್ತು." ಪ್ರವಾಸಕ್ಕೆಂದೇ ಹೋದವರು ಅಲ್ಲಿ ಮನಸ್ಸು ಬದಲಿಸಿ ಅರ್ಜಿ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ನೆಲೆಸುವುದಕ್ಕೇ ಹೊರಟು, ನೋಡಿಕೊಂಡು ಬರುತ್ತೇವೆ ಅಂತ ವಿಮಾನ ನಿಲ್ದಾಣದ ಅಧಿಕಾರಿಗೆ ಸುಳ್ಳು ಹೇಳಿದ್ದು ಗೊತ್ತಾದರೆ, ಅಮೆರಿಕದ ಬಾಗಿಲು ಜೀವಮಾನಕ್ಕೆ ಮುಚ್ಚಬಹುದು. ಅರ್ಜಿ ನಮೂನೆಗಳು ಸರ್ಕಾರದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ನಮೂನೆಗೇ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಕಾರ್ಡ್ ಬಂದ ಮೇಲೆ

ಕಾರ್ಡ್ ಕೈಗೆ ಬಂದರೆ ಬೇಕಾದಾಗ ಹೋಗಬಹುದು, ಬೇಕಾದಾಗ ಬರಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಅಸಲು ಸಂಗತಿ ತಿರುಗುಮುರುಗು. ಕಾರ್ಡ್ ಇದ್ದವರು ಅಮೆರಿಕವನ್ನೇ ಮನೆ ಮಾಡಿಕೊಂಡಿರಬೇಕು. ಆರು ತಿಂಗಳು ಮೀರಿ ಊರಲ್ಲಿ ಉಳಿದರೆ ಮರಳುವಾಗ ಪ್ರಶ್ನೆ ಬರುತ್ತದೆ. ಮುಂಚೆಯೇ ಅನುಮತಿ ಪತ್ರ ಪಡೆಯದೆ ಒಂದು ವರ್ಷ ದಾಟಿದರೆ ಕಾರ್ಡಿನ ಮೇಲೆ ಒಳಹೋಗುವುದೇ ಕಷ್ಟ. ಆ ಅನುಮತಿಯೂ ಹೆಚ್ಚೆಂದರೆ ಎರಡು ವರ್ಷಕ್ಕೆ. ಬಿತ್ತನೆಗೆ ಬಂದು ಸುಗ್ಗಿ ಮುಗಿಸಿ ಹೋಗೋಣ ಎಂಬ ಲೆಕ್ಕಕ್ಕೆ ಈ ಕಾರ್ಡು ಒಗ್ಗುವುದಿಲ್ಲ. ಆ ಲೆಕ್ಕಕ್ಕೆ ಸರಿಹೊಂದುವುದು ಪ್ರವಾಸಿ ವೀಸಾ. ಸಾಮಾನ್ಯವಾಗಿ 10 ವರ್ಷಕ್ಕೆ ಕೊಡುತ್ತಾರೆ, ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು. ನೆಲೆಸುವ ಅರ್ಜಿ ಒಮ್ಮೆ ಹಾಕಿದ ಮೇಲೆ ಪ್ರವಾಸಿ ವೀಸಾ ಕೇಳಿದರೆ "ನೀವು ನೆಲೆಸಲು ಹೊರಟವರಲ್ಲವೇ" ಎಂಬ ಅನುಮಾನ ಬರುತ್ತದೆ ಎಂಬುದೂ ನೆನಪಿರಲಿ.

ಆಸ್ಪತ್ರೆಯ ಮಾತಿಗೆ ಬನ್ನಿ. 65 ದಾಟಿದವರಿಗೆ ಅಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಹೊಸದಾಗಿ ಹೋದ ಅಪ್ಪ-ಅಮ್ಮ ಅದಕ್ಕೆ ಸೇರಬೇಕಾದರೆ 5 ವರ್ಷ ಅಲ್ಲಿ ನಿರಂತರ ವಾಸ ಮಾಡಿರಬೇಕು. ಅಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿಲ್ಲದವರು ಸಾಮಾನ್ಯವಾಗಿ ಪೂರ್ತಿ ಕಂತು ಕಟ್ಟಿಯೇ ಕೊಳ್ಳಬೇಕು. ಅಲ್ಲಿಯವರೆಗೆ ಮಕ್ಕಳು ಖಾಸಗಿ ವಿಮೆ ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು ಇರುವ ಎಪ್ಪತ್ತರವರಿಗೆ ಈ ಐದು ವರ್ಷ ಸಣ್ಣ ಮಾತಲ್ಲ.

ಮಗನೂ ಒಂದು ದೊಡ್ಡ ಹೊರೆ ಹೊರುತ್ತಾನೆ. ಐ-864 ಎಂಬ ಪತ್ರಕ್ಕೆ ಸಹಿ ಹಾಕಿ, ಅಪ್ಪ-ಅಮ್ಮನನ್ನು ನಾನು ಸಾಕುತ್ತೇನೆ ಅಂತ ಸರ್ಕಾರಕ್ಕೆ ಬರೆದುಕೊಡಬೇಕು. ಮನೆಮಂದಿಯ ಲೆಕ್ಕ ಹಿಡಿದು, ಬಡತನದ ಗೆರೆಯ ಶೇಕಡಾ 125ರಷ್ಟು ಆದಾಯ ತೋರಿಸಬೇಕು. ಸಾಲದಿದ್ದರೆ ಅದೇ ಮನೆಯಲ್ಲಿರುವ ಸೊಸೆಯ ಸಂಬಳ ಸೇರಿಸಬಹುದು, ಆಗ ಅವಳೂ ಸಹಿ ಹಾಕಬೇಕು. ಇದು ಬಾಯಿಮಾತಿನ ಭರವಸೆ ಅಲ್ಲ, ಕೋರ್ಟಿನಲ್ಲಿ ನಿಲ್ಲುವ ಕರಾರು. ಸೊಸೆಯನ್ನು ಕೇಳದೆ ಅರ್ಧ ರಾತ್ರಿಯ ಫೋನಿನಲ್ಲಿ ಅಪ್ಪನೂ ಮಗನೂ ಮಾತಾಡಿ ಮುಗಿಸುವ ವಿಷಯವಂತೂ ಅಲ್ಲ.

ಇಲ್ಲಿಯ ಹೊಲ-ಮನೆ ಏನಾಗುತ್ತದೆ? ಗ್ರೀನ್ ಕಾರ್ಡ್ ಬಂದ ಮಾತ್ರಕ್ಕೆ ಭಾರತದ ಪೌರತ್ವ ಹೋಗುವುದಿಲ್ಲ. ಪಾಸ್‌ಪೋರ್ಟ್ ನಮ್ಮದೇ, ಇರುವ ಜಮೀನೂ ನಿಮ್ಮದೇ. ಆದರೆ ಅಲ್ಲಿ ನೆಲೆಸಿದ ಮೇಲೆ ನೀವು ಅನಿವಾಸಿ. ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಬ್ಯಾಂಕ್ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸಬೇಕು, ಪಿಎಂ-ಕಿಸಾನ್ ಹಣ ನಿಲ್ಲುತ್ತದೆ. ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ತೆರಿಗೆಯದ್ದು. ಗ್ರೀನ್ ಕಾರ್ಡ್ ಇದ್ದವರು ಪ್ರಪಂಚದ ಯಾವ ಮೂಲೆಯಿಂದ ಬಂದ ಆದಾಯವನ್ನೂ ಅಮೆರಿಕಕ್ಕೆ ಲೆಕ್ಕ ಕೊಡಬೇಕು. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬ ರಿಯಾಯಿತಿ ಅಲ್ಲಿ ನಡೆಯುವುದಿಲ್ಲ. ಅಡಿಕೆ ಮಾರಿದ ದುಡ್ಡು, ಪೇಟೆಯ ಮನೆಯ ಬಾಡಿಗೆ, ಠೇವಣಿ ಬಡ್ಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಲ್ಲಿಯ ಖಾತೆಗಳಲ್ಲಿ ಒಟ್ಟು 10,000 ಡಾಲರ್ ಮೀರಿದರೆ ಅದನ್ನೂ ಬೇರೆಯಾಗಿ ತಿಳಿಸಬೇಕು. ಮರೆತರೆ ದಂಡ.

ಹಾಗಾದರೆ ಬೇಡವೇ?

ಬೇಡ ಅಂತ ನಾವು ಹೇಳುತ್ತಿಲ್ಲ. ಮಕ್ಕಳ ಸಂಕಟ ನಮಗೂ ಅರ್ಥವಾಗುತ್ತದೆ. ಕೊರೋನಾ ಕಾಲದಲ್ಲಿ ಅಪ್ಪನ ಮುಖವನ್ನು ಮೊಬೈಲಿನಲ್ಲೇ ಕೊನೆಯದಾಗಿ ನೋಡಿದವರಿದ್ದಾರೆ. ಅದರ ಹಿಂದೆಯೇ ಪ್ರವಾಸಿ ವೀಸಾದ ಸಂದರ್ಶನಕ್ಕೆ ವರ್ಷಕ್ಕೂ ಹೆಚ್ಚು ಕಾಯಬೇಕಾದ ಕಾಲ ಬಂತು. ಅಂಥದ್ದು ಇನ್ನೊಮ್ಮೆ ಬಾರದಿರಲಿ ಅಂತಲೇ ಎಷ್ಟೋ ಮಕ್ಕಳು ಕಾರ್ಡಿನ ಮಾತೆತ್ತುತ್ತಾರೆ. ಗಂಡನನ್ನು ಕಳೆದುಕೊಂಡು ದೊಡ್ಡ ಮನೆಯಲ್ಲಿ ಒಬ್ಬರೇ ಇರುವ ಅಮ್ಮನಿಗೆ, ಇದ್ದೊಬ್ಬ ಮಗಳು ಅಲ್ಲೇ ಇರುವ ಅಪ್ಪ-ಅಮ್ಮನಿಗೆ, ಹೋಗಿ ನೆಲೆಸುವ ಮನಸ್ಸು ನಿಜವಾಗಿ ಇದ್ದವರಿಗೆ ಇದು ಒಳ್ಳೆಯ ದಾರಿ. ದೇಶ ಕಾಣದ ಸೌಲಭ್ಯ, ಮಕ್ಕಳ ಕೈಯ ಊಟ, ಮೊಮ್ಮಕ್ಕಳ ಮಾತು ಯಾರಿಗೆ ಬೇಡ?

ನಮ್ಮ ತಕರಾರು ಇರುವುದು ಬಾಯಿಬಿಟ್ಟು ಮಾತಾಡದೆ ಅರ್ಜಿ ಹಾಕುವ ರೂಢಿಗೆ. ಅಪ್ಪ-ಅಮ್ಮನ ಮುಪ್ಪಿಗೆಂದು ಕಾರ್ಡ್ ಮಾಡಿಸುತ್ತಿದ್ದೇವೋ, ಅಲ್ಲಿ ಕೂಸು ನೋಡಿಕೊಳ್ಳುವವರ ಸಂಬಳ ದುಬಾರಿ ಅಂತ ಮಾಡಿಸುತ್ತಿದ್ದೇವೋ ಎಂಬುದನ್ನು ಮಕ್ಕಳು ತಮ್ಮನ್ನೇ ಕೇಳಿಕೊಳ್ಳಬೇಕು. ಎರಡನೆಯದ್ದಾದರೂ ತಪ್ಪಲ್ಲ, ಆದರೆ ಅದನ್ನು ಹೇಳಿಯೇ ಕರೆಯಬೇಕು. ಮೊಮ್ಮಗು ಶಾಲೆಗೆ ಹೋಗತೊಡಗಿದ ಮೇಲೆ, ಕಾರು ಓಡಿಸಲು ಬಾರದ, ಇಂಗ್ಲಿಷ್ ಬಾರದ ಅಜ್ಜಿ ಹಗಲೆಲ್ಲ ಆ ಮನೆಯಲ್ಲಿ ಏನು ಮಾಡಬೇಕು ಎಂಬುದಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ಅಪ್ಪ-ಅಮ್ಮನೂ ಮಗನ ಮನಸ್ಸು ನೋಯುತ್ತದೆ ಅಂತ ಹೂಂಗುಟ್ಟಬೇಡಿ. ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ ಒಂದು ಪೂರ್ತಿ ಚಳಿಗಾಲ ಇದ್ದು ಬನ್ನಿ. ಬೇಸಿಗೆಯ ಅಮೆರಿಕ ಎಲ್ಲರಿಗೂ ಚಂದ, ಜನವರಿಯ ಅಮೆರಿಕ ಬೇರೆ. ಇಬ್ಬರಲ್ಲಿ ಒಬ್ಬರಿಗೆ ಮನಸ್ಸಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಅದನ್ನೂ ಹೇಳಿ. ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಅಮ್ಮನ ಹತ್ತಿರ ಕೇಳುವವರೇ ಕಡಿಮೆ. ಅವಳದ್ದೂ ಬೇರೆಯೇ ಒಂದು ಅರ್ಜಿ, ಅವಳದ್ದೂ ಬೇರೆಯೇ ಒಂದು ಸಹಿ ಎಂಬುದನ್ನು ಕಾನೂನೇ ಒಪ್ಪಿದೆ. ಮನೆಯವರೂ ಒಪ್ಪಲಿ.

ಕೊನೆಯದಾಗಿ ನಮ್ಮ ಆಡಳಿತಕ್ಕೆ ಒಂದು ಮಾತು. ಜನನ ದಾಖಲೆ ಇಲ್ಲ ಎಂಬ ಒಂದು ಪತ್ರಕ್ಕೆ ವಯಸ್ಸಾದವರನ್ನು ತಿಂಗಳುಗಟ್ಟಲೆ ಅಲೆಸುವುದು ನಿಲ್ಲಬೇಕು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅಂತ ಹೇಳಲು ಇಷ್ಟು ದಿನ ಯಾಕೆ? ಯಾವ ಪತ್ರಕ್ಕೆ ಯಾರ ಹತ್ತಿರ ಹೋಗಬೇಕು, ಶುಲ್ಕ ಎಷ್ಟು, ಎಷ್ಟು ದಿನದಲ್ಲಿ ಕೊಡುತ್ತಾರೆ ಎಂಬುದನ್ನು ತಾಲ್ಲೂಕು ಆಫೀಸಿನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಲಿ. ಅಮೆರಿಕಕ್ಕೆ ಹೋಗುವವರಿಗಷ್ಟೇ ಅಲ್ಲ, ಪಿಂಚಣಿಗೆ ಅಲೆಯುವವರಿಗೂ ಅದು ಉಪಕಾರ.

ಓದುಗರೇ, ಈ ವರ್ಷ ನಿಮ್ಮ ಮಕ್ಕಳು ರಜೆಗೆ ಊರಿಗೆ ಬಂದಾಗ ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಮಾತಾಡಿ: ಸೊಸೆ, ಅಳಿಯ, ಊರಲ್ಲೇ ಉಳಿದ ತಮ್ಮ, ಎಲ್ಲರೂ ಇರಲಿ. ಅಷ್ಟರೊಳಗೆ ಮನೆಯ ದಾಖಲೆಗಳನ್ನೆಲ್ಲ ಹೊರಗೆ ತೆಗೆದು ಹೆಸರು, ತಾರೀಖು ಒಂದೇ ಥರ ಇವೆಯೇ ನೋಡಿಟ್ಟುಕೊಳ್ಳಿ. ಹೋಗುವುದಿದ್ದರೂ ಬೇಕು, ಇಲ್ಲೇ ಇರುವುದಿದ್ದರೂ ಬೇಕು.